ನೋಡದವನ ಲೆಕ್ಕ

ಪಟ್ಟೆ ಅಂಗಿಯವನು ನಾನು, ರೆಫ್ರಿ.
ಹತ್ತೊಂಬತ್ತು ಬೇಸಿಗೆ ಆ ಜೋಡಿಯ ಹಿಂದೆ
ಒಂದೇ ವ್ಯಾನಿನ ಕೊನೇ ಸೀಟಿನಲ್ಲಿ ಕೂತು ತಿರುಗಿದೆ,
ಕಾಲಡಿಗೆ ರಿಂಗಿನ ಹಗ್ಗದ ಸಿಂಬಿ.
ಸರಿಯಾದ ಹೊತ್ತಿಗೆ ನೋಡದಿರುವುದು ನನ್ನ ಕಸುಬು.

ಪೋಸ್ಟರಿನ ಮೇಲೆ ಅವರು 'ಉಬ್ಬರದ ಅಣ್ಣತಮ್ಮಂದಿರು'.
ರಕ್ತಸಂಬಂಧ ಏನೂ ಇಲ್ಲ.
ಆರ್ಸೆನ್ ಡೂಸೆ ಕಾರಾಕೆಟ್ಟಿನ ಫ್ರೆಂಚ್ ಮನೆಯವನು,
ಸಿಟ್ಟು ಬಂದರೆ ಮಾತ್ರ ಬಾಯಲ್ಲಿ ಆ ಭಾಷೆ.
ಲಾಕ್ಲನ್ ಬೀಟನ್ ಕೇಪ್ ಬ್ರೆಟನ್ನಿನ ಗಣಿಯವರ ಮೊಮ್ಮಗ,
ಸಿಟ್ಟು ಬಂದರೆ ಮಾತೇ ಇಲ್ಲ.

ಲಾಬ್‌ಸ್ಟರ್ ಬೋನುಗಳನ್ನು ದಡದಲ್ಲಿ ಪೇರಿಸಿದ ಮರುವಾರ
ಹೊರಡುತ್ತಿದ್ದೆವು.
ಹಿಮ ಕರಗಿಸಿದ ಹಾಕಿ ಅಂಗಳ, ಸ್ಕೂಲಿನ ಜಿಮ್ಮು,
ಮಾಜಿ ಸೈನಿಕರ ಹಾಲು.
ಹಲಗೆ ಜೋಡಿಸುವವರೂ ಅವರೇ,
ಅದೇ ಹಲಗೆಯ ಮೇಲೆ ಬೆನ್ನು ಬಡಿದುಕೊಳ್ಳುವವರೂ ಅವರೇ.
ತಲೆಗೆ ಮೂವತ್ತೈದು ಡಾಲರ್, ಒಂದು ಮೊಟ್ಟೆ ಸ್ಯಾಂಡ್‌ವಿಚ್.
ಪ್ರಮೋಟರ್ ಎವರೆಟ್ ಕೋಮೋ ಮಳೆ ಬಂದರೆ
ಮೊಟ್ಟೆಯನ್ನೂ ಕಡಿತ ಮಾಡುತ್ತಿದ್ದ.

ಕಲಿಯದವರಿಗೆ ಹೇಳುತ್ತೇನೆ:
ಮೂಲೆಯ ಕಂಬಕ್ಕೆ ಮೊಳದಷ್ಟು ಹುರಿ ಕಟ್ಟಿರುತ್ತದೆ.
ಹೊರಗೆ ನಿಂತವನು ಅದನ್ನು ಹಿಡಿದೇ ಕೈ ಚಾಚಬೇಕು.
ಒಳಗೆ ಏಟು ತಿನ್ನುವವನು ತೆವಳಿಕೊಂಡು ಬರುತ್ತಾನೆ,
ಬೆರಳಿಗೂ ಬೆರಳಿಗೂ ಗೇಣು, ಆಮೇಲೆ ಅರ್ಧ ಗೇಣು.
ಜನ ಎದ್ದು ನಿಂತಿರುತ್ತಾರೆ.
ಆಗ ನಾನು ಬೇರೆ ಕಡೆ ತಿರುಗಿರುತ್ತೇನೆ.
ಕೈ ತಾಗಿತು ಎಂದು ಮುನ್ನೂರು ಜನ ಕೂಗಿದರೂ
ನನಗೆ ಮಾತ್ರ ಕಾಣಲಿಲ್ಲ.
ನನ್ನ ತಾಯಿಯನ್ನು ಅವರು ಕರೆದ ಹೆಸರುಗಳು
ನನ್ನ ಸಂಬಳದಲ್ಲಿ ಸೇರಿದ್ದವು.

ಆಂಟಿಗೊನಿಶ್‌ನಲ್ಲಿ ಬೆಲ್ಟು ಗೆದ್ದರು:
ಲಾರಿಯ ಮಡ್‌ಫ್ಲಾಪ್, ಮೇಜಿನ ಡ್ರಾಯರಿನ ಹಿತ್ತಾಳೆ.
ಎರಡು ಊರು ದಾಟುವಷ್ಟರಲ್ಲಿ ಸೋತರು.
ನಡುವಿನ ರಾತ್ರಿ ಆರ್ಸೆನ್ ಅದನ್ನು ಕಟ್ಟಿಕೊಂಡೇ ಮಲಗಿದ.

ಆಮೇಲೆ ಎವರೆಟ್ ಹೇಳಿದ, ಒಡೆಯಿರಿ.
ಲಾಕ್ಲನ್ ಕುರ್ಚಿ ಎತ್ತಿ ಜೊತೆಗಾರನ ಬೆನ್ನಿಗೆ ಬೀಸಿದ,
ಸಪಾಟಾಗಿ, ಸದ್ದು ಹೆಚ್ಚು ನೋವು ಕಡಿಮೆ ಬರುವ ಹಾಗೆ.
ಮರುದಿನ ಬೆಳಿಗ್ಗೆ ಅಂಗಡಿಯಾಕೆ ಅವನಿಗೆ ಬ್ರೆಡ್ಡು ಮಾರಲಿಲ್ಲ.
ಆರ್ಸೆನ್ ಕುಂಟುತ್ತ ಒಳಹೋಗಿ ತಂದ,
ಕನಿಕರಕ್ಕೆ ಆಕೆ ಜ್ಯಾಮನ್ನೂ ಕೊಟ್ಟಿದ್ದಳು.
ಎರಡು ವರ್ಷ, ಊರು ಬಂದಾಗಲೆಲ್ಲ
ವೈರಿ ತಾಡಪಾಲಿನ ಕೆಳಗೆ ಮಲಗಿರುತ್ತಿದ್ದ,
ಮೇಲೆ ಕೂತವನು ಸಂದಿಯಿಂದ ತುತ್ತು ಇಳಿಸುತ್ತಿದ್ದ.

ಮತ್ತೆ ಒಂದಾದಾಗ ಜನ ಅಷ್ಟು ಕಾಯಲಿಲ್ಲ.
ಅವರ ಮಕ್ಕಳ ಕೈಯಲ್ಲಿ ಫೋನು.

ಗ್ಲೇಸ್ ಬೇ. ಮಕ್ಕಳೂ ಸೇರಿ ನಲವತ್ತೊಂದು ಜನ.
ಆರ್ಸೆನ್ ಮೇಲಿನ ಹಗ್ಗದಿಂದ ಬಿದ್ದ,
ಬೀಳಬೇಕಾದ ರೀತಿಯಲ್ಲಿ ಅಲ್ಲ.
ನಮ್ಮಲ್ಲೊಂದು ಗುಟ್ಟಿನ ಪದ್ಧತಿ:
ಬಗ್ಗುವಾಗ ನಾನು ಕೈ ಅದುಮುತ್ತೇನೆ,
ಪರವಾಗಿಲ್ಲ ಎಂದರೆ ಅವನು ತಿರುಗಿ ಅದುಮಬೇಕು.
ಅದುಮಿದೆ.
ಒಂದು.
ಅದುಮಿದೆ.
ಎರಡು.
ನನ್ನ ಅಂಗೈ ಗಾಳಿಯಲ್ಲೇ ನಿಂತಿತು.
ಮೂಲೆಯಲ್ಲಿ ಹುರಿ ತೂಗಾಡುತ್ತಿತ್ತು, ಹಿಡಿದವನಿಲ್ಲ.
ನಿಯಮ ಮೀರಿ ಒಳಗೆ ಬಂದು ಲಾಕ್ಲನ್ ಮಂಡಿಯೂರಿದ್ದ,
ಬಾಯಲ್ಲಿ ಒಡಕಲು ಫ್ರೆಂಚ್.
ಅವನಿಗೆ ಆ ಭಾಷೆ ಬರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.
ಕೊನೆಗೆ ಬೆರಳು ಮಿಡುಕಿದವು, ನನ್ನ ಕೈಯಲ್ಲಲ್ಲ.

ಮೂರು ಹೊಡೆದೆನೋ ಇಲ್ಲವೋ,
ಆ ಪಂದ್ಯದ ಲೆಕ್ಕ ಯಾರೂ ಕೇಳಲಿಲ್ಲ.

ಈಗ ಇಬ್ಬರೂ ಮೀನಿನ ಕಾರ್ಖಾನೆಯ ಹಿಂದೆ ಬಾಡಿಗೆಗಿದ್ದಾರೆ.
ಆರ್ಸೆನ್‌ಗೆ ಊರುಗಳ ಹೆಸರು ಕಲಸಿಹೋಗಿದೆ,
ಬೆಲ್ಟು ಎಲ್ಲಿ ಎಂದು ನನ್ನನ್ನೇ ಕೇಳುತ್ತಾನೆ.
ಭಾನುವಾರ ಹೋಗಿರುತ್ತೇನೆ, ಒಂದು ಡಜನ್ ಮೊಟ್ಟೆ ಹಿಡಿದು.
ಲಾಕ್ಲನ್ ಬಗ್ಗಿ ಅವನ ಬೂಟಿನ ದಾರ ಕಟ್ಟುವಾಗ
ಕಿಟಕಿಯಾಚೆ ಯಾವುದೋ ದೋಣಿಗೆ ಬಣ್ಣ ಹೊಡೆಯುತ್ತಿರುತ್ತಾರೆ,
ಅದನ್ನು ನೋಡುತ್ತೇನೆ.